ಎಕ್ಸ್ ಗುರುತಿನ ಮನೆಗಳು

ಆ ಕೆಂಪು ನಕ್ಷತ್ರ ಹಾಕಿದವನು ನಾನೇ.

ಮೊಬೈಲಿನಲ್ಲಿ ಒಂದಾದರೂ ಅರ್ಜಿ ತುಂಬಿದವರಿಗೆ ಆ ನಕ್ಷತ್ರ ಗೊತ್ತಿರುತ್ತದೆ. ಹೆಸರು, ವಯಸ್ಸು, ವಿಳಾಸಗಳ ಪಕ್ಕದಲ್ಲಿ ಸಣ್ಣಗೆ ಕೂತಿರುತ್ತದೆ. ಅದಿದ್ದ ಕಡೆ ಏನಾದರೂ ತುಂಬಲೇಬೇಕು, ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಗರ್ಭಿಣಿಯರ ತಪಾಸಣೆಯ ಒಂದು ಆ್ಯಪ್‌ನಲ್ಲಿ 'ಹಿಮೋಗ್ಲೋಬಿನ್' ಎಂಬ ಪದದ ಪಕ್ಕ ಅದನ್ನು ಇಟ್ಟಾಗ ಒಳ್ಳೆಯ ಕೆಲಸ ಮಾಡಿದೆನೆಂಬ ನೆಮ್ಮದಿಯೇ ನನಗಿತ್ತು. ರಕ್ತಹೀನತೆ ತಾಯಂದಿರನ್ನು ಕೊಲ್ಲುತ್ತದೆ, ಆ ಅಂಕಿ ತಪ್ಪಿಹೋಗಬಾರದು, ಆದ್ದರಿಂದ ಕಡ್ಡಾಯ. ಬೆಂಗಳೂರಿನ ಏಸಿ ಕೋಣೆಯಲ್ಲಿ ಇಂಥ ತರ್ಕ ಬಲು ಸಲೀಸಾಗಿ ಹೊಳೆಯುತ್ತದೆ.

ವರ್ಷ ಕಳೆದ ಮೇಲೆ ಕಲ್ಯಾಣ ಕರ್ನಾಟಕದ ಒಂದು ಉಪಕೇಂದ್ರದಲ್ಲಿ ಕೂತು ಅದೇ ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದೆ. 11.0, 11.0, 11.2, 11.0, 11.0. ಊರಿಗೆ ಊರೇ ಹನ್ನೊಂದು. ಗರ್ಭಿಣಿಗೆ ರಕ್ತಹೀನತೆ ಇದೆಯೋ ಇಲ್ಲವೋ ಎಂದು ಹೇಳುವ ಗೆರೆ ಎಳೆದಿರುವುದೂ ಸರಿಯಾಗಿ ಹನ್ನೊಂದಕ್ಕೇ. ಹೀಗಾಗಿ ನನ್ನ ಡ್ಯಾಶ್‌ಬೋರ್ಡಿನ ನಕ್ಷೆಯಲ್ಲಿ ಆ ಊರು ಹಚ್ಚ ಹಸಿರಾಗಿತ್ತು. ಇದೇನೆಂದು ಅಲ್ಲಿನ ಸಿಸ್ಟರನ್ನು ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ.

"ರಕ್ತ ನೋಡೋ ಸ್ಟ್ರಿಪ್ ಮುಗದು ಮೂರು ತಿಂಗಳಾತ್ರಿ ಸರ. ಇಂಡೆಂಟ್ ಹಾಕೀವಿ, ಬಂದಿಲ್ಲ. ಖಾಲಿ ಬಿಟ್ರ ನಿಮ್ಮ ಆ್ಯಪ್ ಮುಂದಕ್ಕ ಬಿಡಂಗಿಲ್ಲ. ಆರೂವರಿ ಹಾಕಿದ್ರ ಹೈ ರಿಸ್ಕ್ ಅಂತ ಬರ್ತದ, ಯಾಕ ರೆಫರ್ ಮಾಡಿಲ್ಲ ಅಂತ ಮ್ಯಾಲಿಂದ ಫೋನ್ ಬರ್ತದ. ಹನ್ನೊಂದು ಹಾಕಿದ್ರ ಯಾರೂ ಏನೂ ಕೇಳಂಗಿಲ್ರಿ."

ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ. ಆ ಸುಳ್ಳನ್ನು ಅವರ ಬಾಯಿಂದ ಹೇಳಿಸಿದವನು ನಾನು. 'ಸ್ಟ್ರಿಪ್ ಇಲ್ಲ' ಎಂಬ ನಿಜ ಹೇಳಲು ನನ್ನ ಆ್ಯಪ್‌ನಲ್ಲಿ ಒಂದು ಚೌಕವೂ ಇರಲಿಲ್ಲ. ಇದ್ದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಮೊದಲ ವಾರದಲ್ಲೇ ಕಾಣುತ್ತಿತ್ತು, ಪಕ್ಕದ ಪಿಎಚ್‌ಸಿಯಿಂದಲಾದರೂ ಒಂದು ಡಬ್ಬಿ ತರಿಸಬಹುದಿತ್ತು. ಮೂರು ತಿಂಗಳಲ್ಲಿ ಆ ಊರಿನ ಎಷ್ಟು ಬಸುರಿಯರ ನಿಜವಾದ ಅಂಕಿ ಆರೂವರೆ ಇತ್ತೋ! ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ನೋಡಿದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65. ಎರಡೂ ಹಿಂದಿನ ಸಮೀಕ್ಷೆಗಿಂತ ಹೆಚ್ಚು. ನನ್ನ ಪರದೆ ಮಾತ್ರ ಹಸಿರು.

ಈ ಮಾತು ನನ್ನ ಹಾಗೆ ಪರದೆ ಕಟ್ಟುವವರಿಗೆ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತು ಆರೋಗ್ಯ ಇಲಾಖೆಗಳಿಗೆ, ದೊಡ್ಡ ಸಂಸ್ಥೆಗಳಿಗೆ, ಎನ್‌ಜಿಒಗಳಿಗೆ ನಕ್ಷೆ, ಗ್ರಾಫು, ಬಣ್ಣದ ಚೌಕಗಳನ್ನು ಜೋಡಿಸಿಕೊಡುವ ಗೆಳೆಯ ಗೆಳತಿಯರಿಗೆ. ನಮ್ಮಲ್ಲಿ ಬಹಳ ಜನ ಹಳ್ಳಿಯಿಂದಲೇ ಬಂದವರು. ನಮ್ಮ ಅವ್ವಂದಿರ ಹೆರಿಗೆ ಮಾಡಿಸಿದ್ದು ಸೂಲಗಿತ್ತಿಯರು, ನಮಗೆ ಚುಚ್ಚುಮದ್ದು ಹಾಕಿದ್ದು ಸೈಕಲ್ಲಿನಲ್ಲಿ ಬರುತ್ತಿದ್ದ ನರ್ಸಮ್ಮಂದಿರು. ಅಷ್ಟು ಬೇಗ ಮರೆತೆವೇ?

ನೆನಪು ಮಾಡಿಕೊಳ್ಳಿ. ಪಲ್ಸ್ ಪೋಲಿಯೊ ಭಾನುವಾರ ಮುಗಿದ ಮೇಲೆ ಇಬ್ಬರು ಹೆಂಗಸರು ಚೀಲ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದರು. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಬರೆಯುತ್ತಿದ್ದರು. ಆ ಮನೆಯ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ 'ಪಿ'. ಬೀಗ ಹಾಕಿದ್ದರೆ, ಮಗು ಊರಲ್ಲಿಲ್ಲದಿದ್ದರೆ, ಅಜ್ಜ ಬೇಡವೆಂದು ಬೈದು ಕಳಿಸಿದ್ದರೆ 'ಎಕ್ಸ್'. ಮಳೆಗಾಲದವರೆಗೂ ಅವು ಗೋಡೆಯ ಮೇಲಿರುತ್ತಿದ್ದವು. ನಾವು ಮಕ್ಕಳು ಅದರ ಮೇಲೆ ಇನ್ನೊಂದು ಗೆರೆ ಎಳೆದು ಆಟವಾಡಿದ್ದೂ ಉಂಟು.

ನಾನು ಕಂಡ ಡ್ಯಾಶ್‌ಬೋರ್ಡುಗಳಲ್ಲೆಲ್ಲ ಇದೇ ಅತ್ಯುತ್ತಮ. ಸರ್ವರ್ ಇಲ್ಲ, ಲಾಗಿನ್ ಇಲ್ಲ, ಖರ್ಚು ಒಂದು ತುಂಡು ಸೀಮೆಸುಣ್ಣ. ಅದರ ಬುದ್ಧಿವಂತಿಕೆ ಇದ್ದದ್ದು ಎಕ್ಸ್‌ನಲ್ಲಿ. 'ಪಿ' ಬರೆದ ಮನೆಯ ಕೆಲಸ ಮುಗಿಯಿತು, ಮರುದಿನದ ಓಡಾಟವೆಲ್ಲ ಎಕ್ಸ್ ಮನೆಗಳಿಗೆ. ಸಂಜೆ ಮೇಲ್ವಿಚಾರಕರು ಕೇಳುತ್ತಿದ್ದ ಪ್ರಶ್ನೆಯೂ ಅದೇ: ಎಕ್ಸ್ ಎಷ್ಟು, ಯಾಕೆ, ನಾಳೆ ಯಾರು ಹೋಗುತ್ತೀರಿ? ಗುರುತು ಬರೆದವಳೇ ಅದನ್ನು ಓದುವವಳು, ಓದಿದವಳೇ ಅಲ್ಲಿಗೆ ಮತ್ತೆ ನಡೆಯುವವಳು. ಅಂಕಿಗೂ ಕಾಲಿಗೂ ನಡುವೆ ಬೇರೆ ಯಾರೂ ಇರಲಿಲ್ಲ.

ಅದೇ ಪೋಲಿಯೊ ಕೆಲಸದಲ್ಲಿ ಇನ್ನೊಂದು ನಿಯಮವಿತ್ತು. ಮಕ್ಕಳಿಗೆ ಇದ್ದಕ್ಕಿದ್ದಂತೆ ಕೈಕಾಲು ಸೋಲುವುದು ಪೋಲಿಯೊದಿಂದ ಮಾತ್ರ ಆಗುವುದಲ್ಲ, ಬೇರೆ ಕಾರಣಗಳೂ ಇವೆ. ಹಾಗಾಗಿ ಪೋಲಿಯೊ ಇಲ್ಲದ ನಾಡಿನಲ್ಲೂ 15 ವರ್ಷದೊಳಗಿನ ಪ್ರತಿ 1 ಲಕ್ಷ ಮಕ್ಕಳಿಗೆ ವರ್ಷಕ್ಕೆ ಒಂದಾದರೂ ಅಂಥ ಪ್ರಕರಣ ವರದಿಯಾಗಲೇಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸಿತ್ತು. ಒಂದೂ ಇಲ್ಲ ಎಂದು ಬರೆದ ಜಿಲ್ಲೆಗೆ ಹಾರ ಬೀಳುತ್ತಿರಲಿಲ್ಲ, ಅನುಮಾನ ಬೀಳುತ್ತಿತ್ತು: ನೀವು ಹುಡುಕುತ್ತಿಲ್ಲ. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಬಂತು. ಲಸಿಕೆ ಗೆದ್ದಿತು ಎನ್ನುತ್ತೇವೆ. ಸೊನ್ನೆಯನ್ನು ಸುಲಭವಾಗಿ ನಂಬದ ಹಟವೂ ಗೆದ್ದಿತು.

ಈಗ ನಾವು ಕಟ್ಟುವುದನ್ನು ನೋಡಿ. ತಾಯಿ ಮರಣ ಸೊನ್ನೆ ಎಂದು ಬರೆದ ತಾಲ್ಲೂಕಿಗೆ ನಮ್ಮ ಪರದೆ ಹಸಿರು ಬಳಿಯುತ್ತದೆ. ವರದಿಯನ್ನೇ ಕಳಿಸದ ತಾಲ್ಲೂಕಿಗೂ ಎಷ್ಟೋ ಕಡೆ ಹಸಿರೇ, ಯಾಕೆಂದರೆ ಖಾಲಿ ಜಾಗವನ್ನು ನಮ್ಮ ಪ್ರೋಗ್ರಾಮು ಸೊನ್ನೆ ಎಂದು ಓದಿಕೊಳ್ಳುತ್ತದೆ. ಪ್ರಾಮಾಣಿಕವಾಗಿ ಎರಡು ಸಾವು ಬರೆದ ತಾಲ್ಲೂಕಿಗೆ ಕೆಂಪು, ಅದರ ಹಿಂದೆ ನೋಟಿಸು. ಮುಂದಿನ ವರ್ಷ ಅಲ್ಲಿಯ ವೈದ್ಯರು ಏನು ಕಲಿತಿರುತ್ತಾರೆ ಎಂದು ಊಹಿಸಲು ನಮಗೆ ಕಂಪ್ಯೂಟರ್ ಬೇಕಾಗಿಲ್ಲ.

ಡ್ಯಾಶ್‌ಬೋರ್ಡ್ ಎಂಬ ಪದದ ಹುಟ್ಟು ತಮಾಷೆಯಾಗಿದೆ. ಕುದುರೆಗಾಡಿಯ ಕಾಲದಲ್ಲಿ ಓಡುವ ಕುದುರೆಯ ಗೊರಸಿನಿಂದ ಎದ್ದ ಕೆಸರು ಗಾಡಿ ಹೊಡೆಯುವವನ ಮೇಲೆ ಸಿಡಿಯದಿರಲೆಂದು ಎದುರಿಗೆ ಒಂದು ಹಲಗೆ ಕಟ್ಟುತ್ತಿದ್ದರಂತೆ. ಅದಕ್ಕೆ ಆ ಹೆಸರು. ಮೋಟಾರು ಗಾಡಿ ಬಂದ ಮೇಲೆ ಅದೇ ಹಲಗೆಗೆ ಮೀಟರುಗಳು ಅಂಟಿಕೊಂಡವು. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತಾಗಲೆಲ್ಲ ನನಗೆ ಆ ಮೊದಲ ಅರ್ಥವೇ ನೆನಪಾಗುತ್ತದೆ. ಗೋಡೆಯಗಲದ ಪರದೆ, ಮೇಲಿನಿಂದ ಕೆಳಕ್ಕೆ ಜಿಲ್ಲೆಗಳ ಪಟ್ಟಿ. ವಿಡಿಯೊ ಕಾನ್ಫರೆನ್ಸಿನ ಆ ತುದಿಯಲ್ಲಿ ಕೊನೆಯ ಸ್ಥಾನದ ಅಧಿಕಾರಿ ತಲೆ ತಗ್ಗಿಸಿ ಕೂತಿರುತ್ತಾರೆ. ಯಾಕೆ ಹಿಂದಿದ್ದೀರಿ? ಸರಿಪಡಿಸುತ್ತೇನೆ ಸಾರ್. ಮುಂದಿನ ತಿಂಗಳು ಅಂಕಿ ಸರಿಹೋಗಿರುತ್ತದೆ. ಊರಿನ ಕೆಸರು ಊರಲ್ಲೇ ಇರುತ್ತದೆ, ಸಭೆಯ ಬಿಳಿ ಅಂಗಿಗಳಿಗೆ ಸಿಡಿಯುವುದಿಲ್ಲ. ಆ ಹಲಗೆ ಕಡೆದುಕೊಟ್ಟ ಬಡಗಿಗಳು ನಾವು.

ಅಂಕಿಯ ಬೆನ್ನು ಹತ್ತಿದ ಆಡಳಿತ ಏನು ಮಾಡಬಲ್ಲದು ಎಂಬುದಕ್ಕೆ ಈ ದೇಶದಲ್ಲಿ ಹಳೆಯ ಗಾಯವಿದೆ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಮೇಷ್ಟ್ರುಗಳಿಗೂ ಟಾರ್ಗೆಟ್ ಕೊಟ್ಟಿದ್ದರು. ಆಮೇಲೂ ಕುಟುಂಬ ಯೋಜನೆಯ ಟಾರ್ಗೆಟ್ ಪದ್ಧತಿ ಉಳಿದೇ ಇತ್ತು, ಅದನ್ನು ಕೇಂದ್ರ ಸರ್ಕಾರ ಕೈಬಿಟ್ಟದ್ದು 1996ರಲ್ಲಿ. ಇಪ್ಪತ್ತು ವರ್ಷ ಬೇಕಾಯಿತು. ಆಗ ಟಾರ್ಗೆಟ್ ಕಾಗದದ ಮೇಲೆ ತಿಂಗಳಿಗೊಮ್ಮೆ ಬರುತ್ತಿತ್ತು. ಈಗ ನಮ್ಮ ದಯದಿಂದ ಕ್ಷಣಕ್ಷಣಕ್ಕೂ ಮಿನುಗುತ್ತದೆ.

ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. 2025ರ ಜನವರಿಯಲ್ಲಿ ಅವರಲ್ಲಿ ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕೂತರು. ತಿಂಗಳಿಗೆ 15,000 ರೂಪಾಯಿ ಗೌರವಧನ ಕೊಡಿ ಎಂಬ ಬೇಡಿಕೆ ಪತ್ರಿಕೆಗಳಲ್ಲಿ ಎದ್ದು ಕಂಡಿತು. ಅವರು ವರ್ಷಗಳಿಂದ ಹೇಳುತ್ತ ಬಂದ ಇನ್ನೊಂದು ಮಾತು ನಮ್ಮ ಕಸುಬಿಗೆ ಸೇರಿದ್ದು: ಪ್ರೋತ್ಸಾಹಧನವನ್ನು ಪೋರ್ಟಲ್‌ಗೆ ಕಟ್ಟಿಹಾಕಬೇಡಿ. ನಡೆದದ್ದು ಆಶಾ ಕಾರ್ಯಕರ್ತೆಯ ಕಾಲು, ಕೂಲಿ ಸಿಗುವುದು ಇನ್ಯಾರೋ ಇನ್ನೆಲ್ಲೋ ಎಂಟ್ರಿ ಮಾಡಿದಾಗ. ನೆಟ್‌ವರ್ಕ್ ಇಲ್ಲದಿದ್ದರೆ, ಗರ್ಭಿಣಿಯ ಐಡಿಯಲ್ಲಿ ಒಂದು ಅಂಕೆ ತಪ್ಪಿದರೆ, ಡೇಟಾ ಎಂಟ್ರಿ ಆಪರೇಟರ್ ರಜೆ ಹಾಕಿದರೆ ದುಡ್ಡಿಲ್ಲ. ನಮ್ಮಲ್ಲಿ ಎಷ್ಟು ಜನ ಆ ವಾರ ಮೆಟ್ರೋದಲ್ಲಿ ಅವರ ಪಕ್ಕದಿಂದಲೇ ಹಾದುಹೋದೆವು? ಅವರು ಕೂಗುತ್ತಿದ್ದದ್ದು ನಮ್ಮ ಕೋಡಿನ ವಿರುದ್ಧವೂ ಹೌದು ಎಂದು ಎಷ್ಟು ಜನರಿಗೆ ಹೊಳೆಯಿತು?

ಆ ಹನ್ನೊಂದರ ಊರಿನಲ್ಲೇ ಒಬ್ಬ ಆಶಾ ಅಕ್ಕ ತಮ್ಮ ನೋಟ್‌ಬುಕ್ ತೋರಿಸಿದರು. ಇಲಾಖೆಯದಲ್ಲ, ಅಂಗಡಿಯಲ್ಲಿ ಕೊಂಡ ಉದ್ದ ಗೆರೆಯ ಪುಸ್ತಕ. ಹೆಸರಿನ ಮುಂದೆ ಒಂದು ಕೆಂಪು ಚುಕ್ಕಿ ಇದ್ದರೆ ಗುಳೆ ಹೋದವಳು, ಎರಡಿದ್ದರೆ ತವರಿಗೆ ಹೋದವಳು. ಒಂದು ಹೆಸರಿನ ಪಕ್ಕ 'ಅತ್ತಿ ಇಲ್ಲದಾಗ ಹೋಗುದು' ಎಂದಿತ್ತು. ಇನ್ನೊಂದರ ಪಕ್ಕ ಬರೀ ಒಂದು ಬಸ್ಸಿನ ವೇಳೆ. ಇದನ್ನೆಲ್ಲ ಆ್ಯಪ್‌ಗೆ ಯಾಕೆ ಹಾಕಿಲ್ಲ ಅಕ್ಕಾವ್ರೇ ಎಂದು ಕೇಳಿದೆ. "ಅದ್ರಾಗ ಇದಕ್ಕ ಜಾಗ ಎಲ್ಲೈತ್ರಿ?" ಎಂದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಜಾಗ ಎಲ್ಲಿದೆಯೆಂದು ನನ್ನಿಂದ ತಿಳಿದುಕೊಳ್ಳಲು ಕೇಳಿದ್ದರು.

ಗುಳೆ ಹೋದವಳ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಜನ ಹೊರಡುತ್ತಾರೆ. ಅವರೊಂದಿಗೆ ಆರು ತಿಂಗಳ ಬಸುರಿಯೂ ಹೊರಡುತ್ತಾಳೆ. ಅವಳ ತಾಯಿ ಕಾರ್ಡ್ ಗಂಟಿನಲ್ಲಿರುತ್ತದೆ, ಅವಳ ಹೆಸರು ಊರಿನ ಉಪಕೇಂದ್ರದ ಪಟ್ಟಿಯಲ್ಲಿರುತ್ತದೆ. ಎರಡು ತಿಂಗಳು 'ವಿಸಿಟ್ ಬಾಕಿ' ಎಂದು ತೋರಿಸಿದ ಮೇಲೆ ನಮ್ಮ ಪ್ರೋಗ್ರಾಮು ಅವಳನ್ನು 'ವಲಸೆ' ಎಂಬ ಬುಟ್ಟಿಗೆ ಹಾಕಿ ಲೆಕ್ಕದಿಂದ ಇಳಿಸುತ್ತದೆ. ಊರಿನ ಶೇಕಡಾವಾರು ಚೊಕ್ಕವಾಗುತ್ತದೆ. ಬೆಂಗಳೂರಿನ ವಾರ್ಡಿಗೆ ಅವಳು ಇನ್ನೂ ಹುಟ್ಟೇ ಇಲ್ಲ. ನಾವು ಕೂತು ಕೋಡ್ ಬರೆಯುವ ಗಾಜಿನ ಕಟ್ಟಡದ ಪಕ್ಕದ ಸೈಟಿನಲ್ಲಿ, ತಗಡಿನ ಶೆಡ್ಡಿನಲ್ಲಿ, ಅವಳು ಇರಬಹುದು. ನಮ್ಮ ಕಿಟಕಿಯಿಂದ ಕಾಣುವವಳು ನಮ್ಮ ಪರದೆಯಲ್ಲಿ ಕಾಣುವುದಿಲ್ಲ.

ಶೇಕಡಾವಾರು ಎಂದರೆ ಭಾಗಾಕಾರ. ಮೇಲಿನ ಅಂಕಿಯ ಬಗ್ಗೆಯೇ ನಮಗೆಲ್ಲ ಚಿಂತೆ, ಕೆಳಗಿನದನ್ನು ಕೇಳುವವರಿಲ್ಲ. ಈ ದೇಶದಲ್ಲಿ ಜನರನ್ನು ಕೊನೆಯ ಸಲ ಎಣಿಸಿ ಮುಗಿಸಿದ್ದು 2011ರಲ್ಲಿ. ಆಗ ಕರ್ನಾಟಕದಲ್ಲಿದ್ದವರು 6 ಕೋಟಿ 11 ಲಕ್ಷ. 2021ರ ಜನಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ ಗೊತ್ತಾಗಿದೆ. ಅಲ್ಲಿಯವರೆಗೆ ಪ್ರತಿ ಊರಿನ, ಪ್ರತಿ ವಾರ್ಡಿನ 'ಒಟ್ಟು ಮಕ್ಕಳು' ಎಂಬುದು ಅಂದಾಜು. ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ನೂರನ್ನೂ ಮೀರಿದರು ಎಂದು ಪರದೆ ಹೇಳಿದರೆ ಸಭೆಯಲ್ಲಿ ಚಪ್ಪಾಳೆ ಬೀಳುವುದನ್ನು ನಾನು ಕಂಡಿದ್ದೇನೆ. ನೂರು ಮಕ್ಕಳಿರುವ ಕಡೆ ನೂರಕ್ಕಿಂತ ಹೆಚ್ಚು ಮಕ್ಕಳಿಗೆ ಹೇಗೆ ಲಸಿಕೆ ಹಾಕಿದಿರಿ ಎಂದು ಒಂದನೆ ಕ್ಲಾಸಿನ ಹುಡುಗಿಯೂ ಕೇಳುತ್ತಾಳೆ. ಆ ಶೇಕಡಾವಾರಿನ ಕೆಳಗೆ 'ಈ ಲೆಕ್ಕ 2011ರ ಗಣತಿಯ ಮೇಲಿನ ಅಂದಾಜು' ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಲು ನಮಗೆ ಎಷ್ಟು ಹೊತ್ತು ಬೇಕು? ಹಾಗೆ ಬರೆದರೆ ಪರದೆ ಚೆನ್ನಾಗಿ ಕಾಣುವುದಿಲ್ಲ ಎಂದು ಒಮ್ಮೆ ನನಗೆ ಹೇಳಿದರು. ನಾನೂ ಸುಮ್ಮನೆ ತೆಗೆದುಬಿಟ್ಟೆ.

ಅಂಕಿಗಳೇ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಕೆಲವರಿಗೆ ಅದೊಂದು ಫ್ಯಾಷನ್. ಆರೋಗ್ಯದ ಅಂಕಿಗಳ ಮಾತು ಬಂದರೆ ಎಲ್ಲರೂ ಲಂಡನ್ನಿನ ಕಾಲರಾ ನಕ್ಷೆಯ ಕತೆ ಹೇಳುತ್ತಾರೆ, ನಾನು ಮೈಸೂರಿನದನ್ನು ಹೇಳುತ್ತೇನೆ. ಅಲ್ಲಿನ ಮಿಷನ್ ಆಸ್ಪತ್ರೆಯ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ, ಹೆರಿಗೆ ಕೋಣೆಯಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ರಿಜಿಸ್ಟರಿನಲ್ಲಿ ಕೈಯಿಂದ ಬರೆದಿಟ್ಟರು. ಅರ್ಧ ಶತಮಾನ ಕಳೆದ ಮೇಲೆ ಆ ರಿಜಿಸ್ಟರು ಹಿಡಿದು, ಹಾಗೆ ಹುಟ್ಟಿದವರನ್ನು ಊರಿನಲ್ಲೇ ಹುಡುಕಿ ಪರೀಕ್ಷಿಸಿದರು. 1934ರಿಂದ 1954ರೊಳಗೆ ಹುಟ್ಟಿದ 517 ಜನರ ಆ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ 100ಕ್ಕೆ 11 ಮಂದಿಗೆ ಹೃದ್ರೋಗ. ಮೂರು ಕೆಜಿಗಿಂತ ಹೆಚ್ಚು ತೂಗಿದವರಲ್ಲಿ 100ಕ್ಕೆ 3. ತಾಯಿಯ ಹೊಟ್ಟೆಯಲ್ಲಿ ಸಾಲದ ಊಟ ಮಗನ ಎದೆಯಲ್ಲಿ ನೋವಾಗಿ ಬರುತ್ತದೆ ಎಂದು ಭಾರತದ ನೆಲದಲ್ಲಿ ತೋರಿಸಿಕೊಟ್ಟದ್ದು ಆ ಅನಾಮಿಕ ದಾದಿಯರ ಕೈಬರಹ. ಅವರಿಗೆ ಟಾರ್ಗೆಟ್ ಇರಲಿಲ್ಲ. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಬರೆದರು. ಅಲ್ಲಿಯೂ ಒಂದು ಕೆಂಪು ನಕ್ಷತ್ರವಿದ್ದು, ಎರಡೂವರೆಗಿಂತ ಕಡಿಮೆ ಬರೆದರೆ ನೋಟಿಸು ಬರುವಂತಿದ್ದರೆ, ಮೈಸೂರಿನ ಕೂಸುಗಳೆಲ್ಲ ಎರಡು ಕೆಜಿ ಆರು ನೂರು ಗ್ರಾಂ ಇರುತ್ತಿದ್ದವು.

ಈಗಿನ ಕಾಲದಲ್ಲೂ ಸರಿಯಾಗಿ ಮಾಡಿದವರಿದ್ದಾರೆ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮದ ಕೆಲವು ರಾಜ್ಯಗಳಲ್ಲಿ 'ಸಿಂಪಲ್' ಎಂಬ ಆ್ಯಪ್ ಇದೆ. ನರ್ಸ್ ಅದರಲ್ಲಿ ತುಂಬುವುದು ಬಹಳ ಕಡಿಮೆ, ಬಿಪಿಯ ಎರಡು ಅಂಕಿ ಮತ್ತು ಮಾತ್ರೆ. ಬದಲಿಗೆ ಅವಳಿಗೆ ಸಿಗುವುದು ಒಂದು ಪಟ್ಟಿ: ಬರಬೇಕಾಗಿದ್ದು ಬಾರದವರು, ಅವರ ಫೋನ್ ನಂಬರು. ಮೇಲಿನವರ ಪರದೆಯಲ್ಲೂ ಬಿಪಿ ಹತೋಟಿಗೆ ಬಂದವರು, ಬಾರದವರು ಎಂಬ ಎರಡರ ಜೊತೆಗೆ 'ಆಸ್ಪತ್ರೆಗೇ ಬಾರದವರು' ಎಂಬ ಮೂರನೆಯ ಪಾಲು ಎದ್ದು ಕಾಣುತ್ತದೆ. ಬಾರದವರನ್ನು ಲೆಕ್ಕದಿಂದ ಬಿಟ್ಟಿದ್ದರೆ ಗ್ರಾಫು ಎಷ್ಟು ಸುಂದರವಾಗಿರುತ್ತಿತ್ತು! ಬಿಡಲಿಲ್ಲ. ಗೋಡೆಯ ಮೇಲಿನ ಎಕ್ಸ್ ಮೊಬೈಲಿಗೆ ಬಂದಿದೆ, ಅಷ್ಟೇ.

ಕಾಣಬಾರದ್ದನ್ನು ತೋರಿಸುವ ಪಾಪವೂ ಇದೆ. 2020ರ ಮಾರ್ಚಿನಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕವಾಗಿ ಪ್ರಕಟವಾಯಿತು. ಅದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು, ಮನೆ ಬಾಗಿಲುಗಳನ್ನು ನೆರೆಯವರು ಅನುಮಾನದಿಂದ ನೋಡಿದರು. ಆ ಫೈಲನ್ನು ಸಿದ್ಧಪಡಿಸಿದ ಕೈ ನಮ್ಮಂಥವರದೇ. ಎಚ್‌ಐವಿ, ಕ್ಷಯ, ಮದುವೆಯಾಗದ ಹುಡುಗಿಯ ಬಸಿರು, ಇವುಗಳ ಹೆಸರು ಯಾರಿಗೆ ಕಾಣಬೇಕೋ ಅವರಿಗೆ ಮಾತ್ರ ಕಾಣಬೇಕು. ಡೆಮೊ ದಿನ ಸಾಹೇಬರ ಮುಂದೆ ನಿಜವಾದ ಹೆಸರುಗಳ ಪಟ್ಟಿ ತೆರೆದು ತೋರಿಸುವುದನ್ನು ಇವತ್ತೇ ಬಿಡಿ.

ಗೆಳೆಯರೇ, ನಮಗೆ ಹೇಳುವವರು ಬೇರೆ, ಕೊಡುವವರು ಬೇರೆ, ನಾವು ಬರೀ ಕಟ್ಟುವವರು ಎಂಬ ಸಮಾಧಾನ ಬೇಡ. ಸೇತುವೆಗೆ ಸಿಮೆಂಟು ಕಡಿಮೆ ಹಾಕೆಂದರೆ ಎಂಜಿನಿಯರು ಸಹಿ ಹಾಕಬಾರದು, ನಮಗೂ ಅದೇ ಧರ್ಮ. ಖಾಲಿಯನ್ನು ಸೊನ್ನೆ ಎಂದು ತೋರಿಸು ಎಂದರೆ ಆಗುವುದಿಲ್ಲ ಎನ್ನಿ. ಸಾವು ವರದಿ ಮಾಡಿದ ತಾಲ್ಲೂಕಿಗೆ ಕೆಂಪು ಬಳಿಯೆಂದರೆ, ವರದಿ ಮಾಡದವರಿಗೆ ಮೊದಲು ಬಳಿಯೋಣ ಎನ್ನಿ. ಕೂಲಿಯನ್ನು ಎಂಟ್ರಿಗೆ ಕಟ್ಟು ಎಂದರೆ ಫ್ರೀಡಂ ಪಾರ್ಕನ್ನು ನೆನಪಿಸಿ. ಪ್ರತಿ ಕಡ್ಡಾಯ ಚೌಕದ ಪಕ್ಕ 'ಆಗಿಲ್ಲ' ಎಂಬ ಇನ್ನೊಂದನ್ನು ಇಡಿ, ಯಾಕೆ ಆಗಿಲ್ಲ ಎಂದು ತುಂಬುವವಳದೇ ಕನ್ನಡದಲ್ಲಿ ಹೇಳಲು ಜಾಗ ಬಿಡಿ, ಹೇಳಿದ್ದಕ್ಕೆ ಶಿಕ್ಷೆಯಾಗದಂತೆ ಜಗಳ ಮಾಡಿ. ಪರದೆಯ ಮೊದಲ ಪುಟದಲ್ಲಿ ಸಾಧನೆ ಬೇಡ, ತಪ್ಪಿಹೋದವರ ಪಟ್ಟಿ ಇರಲಿ. ಆ ಪಟ್ಟಿ ವಿಧಾನಸೌಧಕ್ಕೆ ಹೋಗುವ ಮೊದಲು ಆಶಾ ಅಕ್ಕನ ಫೋನಿಗೆ ಹೋಗಲಿ. ಎಲ್ಲದಕ್ಕೂ ಮುಂಚೆ ಒಂದು ದಿನ ಅವಳ ಜೊತೆ ನಡೆಯಿರಿ, ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ.

ಇಷ್ಟೆಲ್ಲ ಆಗದಿದ್ದರೆ ಒಂದಾದರೂ ಮಾಡಿ. ನಾಳೆ ಬೆಳಿಗ್ಗೆ ನಿಮ್ಮ ಡೇಟಾಬೇಸ್ ತೆರೆದು 11.0 ಎಂಬ ಅಂಕಿ ಯಾವ ಊರಿನಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಎಣಿಸಿದ ಮೇಲೆ ಆ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿ.